ಪದಚರ್ಚೆ: ಸೈಕಲ್ ಜಿಪಿಎಸ್‌ನ ‘ಕೋರ್ಸ್’, ‘ಟ್ರ್ಯಾಕ್’, ‘ಕೇಡೆನ್ಸ್’ಗೆ ಕನ್ನಡದಲ್ಲಿ ಎಂತ ಬರೆಯುವುದು? (ಶುಕ್ರವಾರದೊಳಗೆ ಬೇಕು)

ಮಣಿಪಾಲದಿಂದ:

ಎಲ್ಲರಿಗೂ ನಮಸ್ಕಾರ. ಬರುವ ಭಾನುವಾರ ನಾವು ಕೆಲವರು ಸೈಕಲಿನಲ್ಲಿ ಹೆಬ್ರಿ, ಸೋಮೇಶ್ವರದ ಮೇಲೆ ಆಗುಂಬೆ ಘಾಟಿ ಹತ್ತುತ್ತೇವೆ. ಹೊಸಬರೇ ಜಾಸ್ತಿ. ಹ್ಯಾಂಡಲಿಗೆ ಜಿಪಿಎಸ್ ಕಟ್ಟಿಕೊಂಡಿದ್ದಾರೆ, ಬಳಸಲು ಬರುವುದಿಲ್ಲ. ಅವರಿಗೊಂದು ಪುಟದ ಸೂಚನೆ, ಹೊರಡುವ ಜಾಗದಲ್ಲಿ ಒಂದು ಬೋರ್ಡು ಮಾಡಿಸಬೇಕು. ಕನ್ನಡದಲ್ಲೇ ಆಗಲಿ ಅಂತ ಹಠ ಹಿಡಿದವನು ನಾನೇ. ಹಾಗಾದರೆ ನೀನೇ ಬರಿ ಅಂದರು.

ಸಿಕ್ಕಿಬಿದ್ದದ್ದು ಇಲ್ಲಿ. ‘ಕೋರ್ಸ್’ ಅಂದರೆ ಮೊದಲೇ ತುಂಬಿಸಿಕೊಂಡು ಹೋಗುವ ದಾರಿ. ‘ಟ್ರ್ಯಾಕ್’ ಅಂದರೆ ನಾವು ನಿಜವಾಗಿ ಹೋದದ್ದನ್ನು ಸಾಧನ ಬರೆದಿಟ್ಟುಕೊಂಡದ್ದು. ಎರಡಕ್ಕೂ ‘ದಾರಿ’ ಅಂತ ಹಾಕಿದರೆ ಗೊಂದಲ. ‘ಕೇಡೆನ್ಸ್’, ಅಂದರೆ ಪೆಡಲು ತಿರುಗಿಸುವ ವೇಗಕ್ಕೆ, ‘ತುಳಿತ’ ಅಂತ ಹಾಕಿದ್ದೇನೆ. ‘ಎಲಿವೇಶನ್ ಗೇನ್’, ಅಂದರೆ ದಾರಿಯುದ್ದಕ್ಕೂ ಒಟ್ಟು ಹತ್ತಿದ್ದಕ್ಕೆ, ‘ಎತ್ತರ’. ಬೋರ್ಡಿನ ಕೊನೆಯ ಸಾಲು: ‘ದಾರಿ ತಪ್ಪಿದವರು ಈ ನಂಬರಿಗೆ ಕರೆ ಮಾಡಿ.’ ಸರಿಯುಂಟಾ?

ಪುತ್ತೂರಿನಿಂದ:

‘ಕೋರ್ಸ್’ಗೆ ‘ಹಾದಿ’ ಸಾಕು. ಅಚ್ಚ ಕನ್ನಡ. ತುಳುವಿನ ‘ಸಾದಿ’ಯೂ ನಮ್ಮ ‘ಹಾದಿ’ಯೂ ಒಂದೇ ಬೇರಿನವು ಎಂದು ನಾನು ಈ ಪದಚರ್ಚೆಯ ಗುಂಪಿನಲ್ಲಿ ಹಿಂದೆಯೂ ಬರೆದಿದ್ದೆ, ಯಾರೂ ಓದಲಿಲ್ಲ. ಪದ ನಮ್ಮ ಅಂಗಳದಲ್ಲೇ ಇರುವಾಗ ಹೊರಗಿನಿಂದ ತರುವುದು ಯಾಕೆ? ‘ಜಿಪಿಎಸ್’ ಎನ್ನುವುದನ್ನೂ ಬಿಡಿ. ‘ಉಪಗ್ರಹ ದಾರಿತೋರುಕ’ ಎನ್ನಿ. ‘ತುಳಿತ’ ಚೆನ್ನಾಗಿದೆ, ಇರಲಿ. ಮಿಕ್ಕದ್ದು ನೋಡಲು ಈಗ ಪುರುಸೊತ್ತಿಲ್ಲ.

ಮಂಗಳೂರಿನಿಂದ:

‘ದಾರಿ ತಪ್ಪಿದವರು’ ದಯವಿಟ್ಟು ತೆಗೆಯಿರಿ ಮಾರಾಯ್ರೆ. ನಮ್ಮಲ್ಲಿ ಹುಡುಗ ದಾರಿ ತಪ್ಪಿದ ಅಂದರೆ ಅವನು ಹೆಬ್ರಿಯಲ್ಲಿ ಎಡಕ್ಕೆ ತಿರುಗಿದ ಅಂತ ಅರ್ಥವಲ್ಲ. ನಿಮ್ಮ ಬೋರ್ಡಿನ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ ಅಷ್ಟೆ. ‘ಹಾದಿ ಬಿಟ್ಟವರು’ ಅಂತಲೂ ಹಾಕಬೇಡಿ, ಅದು ಇನ್ನೂ ಕೆಟ್ಟದ್ದು.

‘ತುಳಿತ’ಕ್ಕೂ ಅದೇ ಕಷ್ಟ. ‘ತುಳಿತಕ್ಕೊಳಗಾದವರು’ ಎಂದು ದಿನಾ ಪೇಪರಿನಲ್ಲಿ ಓದುತ್ತೇವಲ್ಲ? ಅದನ್ನು ಬಿಟ್ಟರೂ ಲೆಕ್ಕ ತಪ್ಪುತ್ತದೆ. ಕೇಡೆನ್ಸ್ 90 ಅಂದರೆ ನಿಮಿಷಕ್ಕೆ ಪೆಡಲು 90 ಪೂರ್ತಿ ಸುತ್ತು. ಒಂದು ಸುತ್ತಿಗೆ ಬಲಗಾಲು ಒಮ್ಮೆ, ಎಡಗಾಲು ಒಮ್ಮೆ ತುಳಿಯುತ್ತದೆ. ‘ನಿಮಿಷಕ್ಕೆ 90 ತುಳಿತ’ ಎಂದರೆ ಹೊಸಬ ಎರಡೂ ಕಾಲು ಸೇರಿಸಿ ಎಣಿಸುತ್ತಾನೆ, 45ರಲ್ಲಿ ನಿಲ್ಲುತ್ತಾನೆ. ಘಾಟಿಯಲ್ಲಿ 45ರ ಲೆಕ್ಕದಲ್ಲಿ ಭಾರದ ಗೇರು ತಳ್ಳಿದರೆ ಮೊಣಕಾಲು ಮಾತಾಡುತ್ತದೆ. ‘ಪೆಡಲು ಸುತ್ತು’ ಎಂದು ಹಾಕಿ. ಚಂದ ಇಲ್ಲ, ಆದರೆ ಸುಳ್ಳಿಲ್ಲ.

‘ಎತ್ತರ’ವೂ ತಪ್ಪು. ಆಗುಂಬೆ ಇರುವುದೇ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಮೇಲೆ. ನೀವು ಹೇಳಬೇಕಾದದ್ದು ಅದಲ್ಲ, ದಾರಿಯಲ್ಲಿ ಹತ್ತಿ ಇಳಿದ ಗುಡ್ಡೆಗಳಲ್ಲಿ ಹತ್ತಿದ್ದನ್ನು ಮಾತ್ರ ಕೂಡಿಸಿದ ಮೊತ್ತ. ಇಲ್ಲಿಂದ ಉಡುಪಿಗೆ ಹೆದ್ದಾರಿ 66ರಲ್ಲಿ ಹೋದರೆ ಎರಡು ತುದಿಯ ಎತ್ತರದಲ್ಲಿ ಹೇಳುವಂಥ ವ್ಯತ್ಯಾಸವಿಲ್ಲ, ಆದರೂ ಹತ್ತಿದ್ದು ಹತ್ತಿದ್ದೇ ಅಲ್ವಾ? ‘ಒಟ್ಟು ಏರು’ ಅನ್ನಿ.

‘ಉಪಗ್ರಹ ದಾರಿತೋರುಕ’ದ ಬಗ್ಗೆ ಒಂದೇ ಮಾತು. ಉಪಗ್ರಹ ದಾರಿ ತೋರಿಸುವುದಿಲ್ಲ. ಅದು ತಾನೆಲ್ಲಿದ್ದೇನೆ, ಗಂಟೆ ಎಷ್ಟು ಎಂದು ಹೇಳುತ್ತಾ ಇರುತ್ತದೆ. ಕಡಿಮೆಯೆಂದರೆ ನಾಲ್ಕು ಉಪಗ್ರಹದ ಮಾತು ಕೇಳಿ, ನಾವೆಲ್ಲಿದ್ದೇವೆ ಎಂದು ಲೆಕ್ಕ ಹಾಕುವುದು ಹ್ಯಾಂಡಲಿನ ಮೇಲಿನ ಪೆಟ್ಟಿಗೆ. ದಾರಿ ತುಂಬಿಸಿದ್ದು ನಾವು.

ಇನ್ನು ಅಚ್ಚ ಕನ್ನಡದ ವಿಷಯ. ‘ಪುರುಸೊತ್ತು’ ಎಲ್ಲಿಂದ ಬಂತು ಮಾಷ್ಟ್ರೇ?

ಪುತ್ತೂರಿನಿಂದ:

ಬಂದದ್ದು ಬಂತು, ಬರುತ್ತಿರುವುದನ್ನು ತಡೆಯಬೇಕು. ಅದು ನನ್ನ ವಾದ. ಕುಹಕ ಬೇಡ.

ಮಂಗಳೂರಿನಿಂದ:

ಕುಹಕವಲ್ಲ. ನಿಮ್ಮ ಪುರುಸೊತ್ತಿನ ಹಾಗೆ ರಸ್ತೆ, ನಕ್ಷೆ, ಸವಾರಿಯೂ ಪಾರಸಿ ಭಾಷೆಯ ಕಡೆಯಿಂದ ಬಂದವು. ಬೆಳಿಗ್ಗೆ ನೀವು ಹುಡುಕುವ ಚಾವಿ ಪೋರ್ಚುಗೀಸರದ್ದು. ಈ ಕರಾವಳಿಯಲ್ಲಿ ಕೂತು ‘ಹೊರಗಿನದ್ದು ಬೇಡ’ ಎಂದರೆ ಕಡಲಿಗೇ ಬೇಲಿ ಹಾಕಬೇಕು. ನನ್ನ ತಕರಾರು ಬೇರೆ. ಪದ ಯಾವ ಊರಿನದ್ದೇ ಆಗಲಿ, ತಪ್ಪು ಅರ್ಥ ಕೊಡಬಾರದು. ‘ತುಳಿತ’ ಅಚ್ಚ ಕನ್ನಡವೇ. ಕೆಲಸಕ್ಕೆ ಬರಲಿಲ್ಲ.

ಮಲ್ಪೆಯಿಂದ:

ನಾನು ಸೈಕಲಿನವನಲ್ಲ. ಇಲ್ಲಿ ಬೋಟುಗಳಲ್ಲಿ ಜಿಪಿಎಸ್ ಬಂದು ವರ್ಷಗಳಾದವು. ಮೀನು ಸಿಕ್ಕಿದ ಜಾಗವನ್ನು ‘ಪಾಯಿಂಟ್ ಹಾಕಿದೆ’ ಅನ್ನುತ್ತಾರೆ, ಯಾರೂ ಪದಕೋಶ ನೋಡಲಿಲ್ಲ. ಜಿಪಿಎಸ್‌ನಂಥದ್ದೇ ಆದ ಇಸ್ರೋದ ವ್ಯವಸ್ಥೆಗೆ 2016ರಲ್ಲಿ ‘ನಾವಿಕ್’ ಎಂದು ಹೆಸರಿಟ್ಟಾಗ ದಕ್ಕೆಯಲ್ಲಿ ಒಬ್ಬರು, ‘ಅದು ನಮ್ಮ ಹೆಸರೇ ಅಲ್ವಾ’ ಅಂದರು. ಹೆಸರೇನೋ ಹಾಗೆ. ಇಂಗ್ಲಿಷಿನ ಮಾತುಗಳನ್ನು ಕತ್ತರಿಸಿ ಜೋಡಿಸಿದ್ದು, ನಾವಿಕ ಎಂದು ಓದಿಸುವ ಹಾಗೆ.

‘ಟ್ರ್ಯಾಕ್’ಗೆ ‘ಜಾಡು’ ಆಗುವುದಿಲ್ವಾ? ಹೋದ ಮೇಲೆ ಉಳಿಯುವುದೇ ಜಾಡು. ಹೋಗುವ ಮೊದಲು ಜಾಡು ಇರುವುದಿಲ್ಲ.

ಪುತ್ತೂರಿನಿಂದ:

ಜಾಡು ಕಳ್ಳನದ್ದು, ಹುಲಿಯದ್ದು. ಸೈಕಲಿನದ್ದಲ್ಲ. ಒಪ್ಪುವುದಿಲ್ಲ.

ಮಣಿಪಾಲದಿಂದ:

ಹುಲಿಯ ಜಾಡು ನಮ್ಮ ಹುಡುಗರಿಗೆ ಖುಷಿಯೇ ಆಗುತ್ತದೆ, ಮಾಷ್ಟ್ರೇ. ಜಾಡು ಹಾಕಿದೆ. ಹೋಗುವ ಮೊದಲು, ಹೋದ ಮೇಲೆ ಅಂತ ಮಲ್ಪೆಯವರು ಹೇಳಿದ ವ್ಯತ್ಯಾಸ ಉಂಟಲ್ಲ, ನನಗೆ ಬೇಕಾದದ್ದು ಅದೇ. ಕೋರ್ಸಿಗೆ ಮಾತ್ರ ‘ಹಾದಿ’ ಹಾಕಲು ಮನಸ್ಸು ಬರಲಿಲ್ಲ. ಪರದೆಯ ಮೇಲೆ ಕಾಣುವುದು ಒಂದು ಬಣ್ಣದ ಗೆರೆ. ‘ಗೆರೆ ಹಿಡಿದು ಹೋಗು’ ಅಂದರೆ ಹತ್ತು ವರ್ಷದ ಹುಡುಗನಿಗೂ ಗೊತ್ತಾಗುತ್ತದೆ. ಹಾಗಾಗಿ ಹೋಗಬೇಕಾದದ್ದು ಗೆರೆ, ಹೋದದ್ದು ಜಾಡು.

ಒಟ್ಟು ಏರಿನ ಬಗ್ಗೆ ಒಂದು ಸಾಲು ಸೇರಿಸಿದೆ. ಒಬ್ಬೊಬ್ಬರ ಸಾಧನದಲ್ಲಿ ಅದು ಒಂದೊಂದು ತೋರಿಸುತ್ತದೆ, ಜಗಳ ಬೇಡ ಅಂತ. ಕೆಲವು ಸಾಧನ ಗಾಳಿಯ ಒತ್ತಡ ನೋಡಿ ಎತ್ತರ ಹೇಳುತ್ತವೆ. ಅದಕ್ಕೆಂದೇ ಒಂದು ಸಣ್ಣ ತೂತು ಇರುತ್ತದೆ. ಮಳೆನೀರು ಕಟ್ಟಿಕೊಂಡರೆ ಲೆಕ್ಕ ಎಲ್ಲಿಗೋ ಹೋಗುತ್ತದೆ. ಕಳೆದ ಸಲ ನನ್ನದು ಘಾಟಿಯ 14 ತಿರುವಿನ ಅರ್ಧದಲ್ಲೇ ನಾನು ಇಳಿಯುತ್ತಿದ್ದೇನೆ ಎಂದಿತು. ನನ್ನ ಕಾಲಿಗೆ ಹಾಗೆ ಅನ್ನಿಸಿರಲಿಲ್ಲ.

ಬೋರ್ಡಿನ ಕೊನೆಯ ಸಾಲು ಈಗ ಹೀಗಿದೆ: ‘ಗೆರೆ ಬಿಟ್ಟು ಬೇರೆ ಕಡೆ ಹೋದರೆ ಅಲ್ಲೇ ನಿಂತು ಈ ನಂಬರಿಗೆ ಕರೆ ಮಾಡಿ.’ ನಾಳೆ ಬೆಳಿಗ್ಗೆ 10ಕ್ಕೆ ಪ್ರಿಂಟಿಗೆ ಕೊಡುತ್ತೇನೆ. ಯಾರಿಗಾದರೂ ಆಕ್ಷೇಪ ಇದ್ದರೆ ಈಗಲೇ ಹೇಳಿ.

ಪುತ್ತೂರಿನಿಂದ:

‘ಕರೆ ಮಾಡಿ’ ಅಲ್ಲ, ‘ಕರೆಯಿರಿ’. ಮತ್ತೆ, ‘ಬೋರ್ಡು’ ಅಂತೆ. ಹಲಗೆ ಎಲ್ಲಿ ಹೋಯಿತು?

ಮಂಗಳೂರಿನಿಂದ:

ಪ್ರಿಂಟಿಗೆ ಕೊಡಿ ಮಾರಾಯ್ರೆ, ಇಲ್ಲಿ ಕಾಯಬೇಡಿ.