ಸಹಾಯ ಬೇಕು: 750 ವ್ಯಾಟ್ ಪವರ್ ಸಪ್ಲೈ, ಗೋಲ್ಡ್ ಸಾಕಾ, ಪ್ಲಾಟಿನಂ ಬೇಕಾ?

ಎಲ್ಲರಿಗೂ ನಮಸ್ಕಾರ. ವಿಡಿಯೊ ಎಡಿಟಿಂಗ್‌ಗೆ ರೈಸನ್ 7 7700 ಪ್ರೊಸೆಸರ್, ಆರ್‌ಟಿಎಕ್ಸ್ 4070 ಗ್ರಾಫಿಕ್ಸ್ ಕಾರ್ಡ್ ಹಾಕಿ ಡೆಸ್ಕ್‌ಟಾಪ್ ಜೋಡಿಸುತ್ತಿದ್ದೇನೆ. ದಿನದ ಹೆಚ್ಚು ಹೊತ್ತು ಅದು ಸುಮ್ನೆ ಆನ್ ಆಗಿರುತ್ತದೆ. ರೆಂಡರ್ ಮಾಡುವಾಗ ಮಾತ್ರ ಲೋಡ್ ಜಾಸ್ತಿ.

ಗೋಲ್ಡ್, ಪ್ಲಾಟಿನಂ ಅಂದರೆ ಪವರ್ ಸಪ್ಲೈ ದಕ್ಷತೆಗೆ ಕೊಡುವ 80 ಪ್ಲಸ್ ಪ್ರಮಾಣಪತ್ರದ ದರ್ಜೆಗಳು. ಅದರ 230 ವೋಲ್ಟ್ ಮಾನದಂಡದಲ್ಲಿ ಅರ್ಧ ಲೋಡ್‌ಗೆ ಕನಿಷ್ಠ ದಕ್ಷತೆ ಗೋಲ್ಡ್‌ಗೆ 92%, ಪ್ಲಾಟಿನಂಗೆ 94%. ಅಂದರೆ ಕಂಪ್ಯೂಟರ್ 375 ವ್ಯಾಟ್ ಎಳೆದಾಗ ಪ್ಲಾಟಿನಂನಿಂದ ಉಳಿಯುವುದು ಸುಮಾರು 9 ವ್ಯಾಟ್. ಇಷ್ಟಕ್ಕೆ ಜಾಸ್ತಿ ದುಡ್ಡು ಕೊಡಬೇಕಾ? ನನಗೆ ಮುಖ್ಯ ಕಡಿಮೆ ಲೋಡ್. ಆದರೆ 10% ಲೋಡ್‌ಗೆ ಈ ಎರಡರಲ್ಲೂ ಕನಿಷ್ಠ ಮಿತಿಯೇ ಇಲ್ಲ, ಇವಕ್ಕಿಂತ ಮೇಲಿನ ದರ್ಜೆಯಾದ ಟೈಟೇನಿಯಂಗೆ ಇದೆ.

ದಕ್ಷತೆಯ ಸ್ಟಿಕ್ಕರ್ ನೋಡಿದರೆ ರಿಪಲ್ (ಹೊರಬರುವ ಡಿಸಿ ವೋಲ್ಟೇಜ್‌ನಲ್ಲಿನ ಸಣ್ಣ ಏರಿಳಿತ) ಎಷ್ಟು ಅಂತ ಗೊತ್ತಾಗುವುದಿಲ್ಲ ಅಲ್ವಾ? ನಮ್ಮಲ್ಲಿ ಕರೆಂಟ್ ಆಗಾಗ ಹೋಗುತ್ತದೆ. ಹಾಗಾಗಿ ಯುಪಿಎಸ್ ಬ್ಯಾಟರಿಗೆ ಬದಲಾಗುವವರೆಗೆ ಪವರ್ ಸಪ್ಲೈ ತಡೆದುಕೊಳ್ಳಲೇಬೇಕು.

ಗೋಲ್ಡ್ ಅಥವಾ ಪ್ಲಾಟಿನಂ ಬಳಸುತ್ತಿರುವವರು ದಯವಿಟ್ಟು ಮಾಡೆಲ್ ಹೆಸರು, ಐಡಲ್‌ನಲ್ಲಿ (ಸುಮ್ನೆ ಆನ್ ಇದ್ದಾಗ) ಪ್ಲಗ್ ಮೀಟರ್ ತೋರಿಸುವ ವ್ಯಾಟ್, ಯಾವ ಯುಪಿಎಸ್ ಅಂತ ತಿಳಿಸಿ.