ಚಳಿಗೆ ಮಾವಿನ ಹೂ ಕಪ್ಪಾಗಿ ಉದುರುತ್ತಿದೆ, ಏನು ಮಾಡಬಹುದು?

ಪಾಂಡವಪುರ ತೋಟ:
ನಮಸ್ಕಾರ. ನಮ್ಮಲ್ಲಿ ಬಾದಾಮಿ, ರಸಪುರಿ ಮರಗಳಿವೆ. ಜನವರಿ ಶುರುವಿನಲ್ಲಿ ಮೈತುಂಬ ಹೂ ಬಂತು. ಈಗ ಬೆಳಗಿನ ಜಾವ ಜಾಸ್ತಿ ಚಳಿ, ಬಿಸಿಲು ಏರುವವರೆಗೂ ಮಂಜು ಬಿಡುವುದಿಲ್ಲ, ಕೈ ತಾಗಿದರೆ ಸಾಕು ಹೂ ಉದುರುತ್ತದೆ. ಕೆಲವು ಗೊಂಚಲು ಕಪ್ಪಾಗಿವೆ. ಸೇಬಿನ ತೋಟದಲ್ಲಿ ರಾತ್ರಿಯೆಲ್ಲ ಸ್ಪ್ರಿಂಕ್ಲರ್ ಬಿಟ್ಟು ಹೂ ಉಳಿಸುವ ವಿಡಿಯೊ ನೋಡಿದೆ. ನಾವೂ ಹಾಗೆ ಮಾಡಬಹುದಾ?

ನಂಜನಗೂಡು ಮಾವು:
ಅಣ್ಣಾ, ದಯವಿಟ್ಟು ಸ್ಪ್ರಿಂಕ್ಲರ್ ಬಿಡಬೇಡಿ. ಸೇಬಿನ ಕತೆಯೇ ಬೇರೆ. ಅಲ್ಲಿ ಪೂರ್ತಿ ಅರಳಿದ ಹೂವಿಗೆ ಮೈನಸ್ 2 ಡಿಗ್ರಿಯಲ್ಲಿ ಪೆಟ್ಟು ಶುರುವಾಗುತ್ತದೆ, ಮೈನಸ್ 4ಕ್ಕೆ ಹೋದರೆ ಹೆಚ್ಚುಕಡಿಮೆ ಎಲ್ಲವೂ ಹೋದಂತೆ. ನೀರು ಹೆಪ್ಪುಗಟ್ಟುವಾಗ ಬಿಸಿ ಬಿಡುತ್ತದೆ, ಆ ಬಿಸಿಯೇ ಹೂವನ್ನು ಕಾಯುವುದು. ನಮ್ಮ ಮಂಡ್ಯ, ಮೈಸೂರು ಕಡೆ ಹೂ ಹೆಪ್ಪುಗಟ್ಟುವ ಚಳಿ ಎಲ್ಲಿದೆ? ಇಲ್ಲಿ ಹೂ ಒದ್ದೆ ಮಾಡಿದರೆ ರೋಗವನ್ನು ಕರೆದಂತೆ, ಅಷ್ಟೇ. ಚಳಿಗೆ ಅಂತ ಮರಕ್ಕೆ ಬಟ್ಟೆ ಹೊದಿಸುವುದೂ ಬೇಡ. ಮಾವಿಗೆ ಹೂ ಬರಲು ರಾತ್ರಿಯ ತಂಪು ಬೇಕೇ ಬೇಕು, ಅಲ್ವಾ?

ಮೊದಲು ಕಪ್ಪಾದ ಗೊಂಚಲನ್ನು ಹತ್ತಿರದಿಂದ ನೋಡಿ. ಅದರ ಕಡ್ಡಿಯನ್ನು ಬೆರಳಲ್ಲಿ ಉಜ್ಜಿ. ಬಿಳಿ ಪುಡಿ ಅಂಟಿದರೆ ಬೂದಿ ರೋಗ. ಕಡ್ಡಿಯ ಮೇಲೆ ಕಪ್ಪು ಚುಕ್ಕೆಗಳಿದ್ದರೆ ಚಿಬ್ಬು ರೋಗ ಇರಬಹುದು. ಗೊಂಚಲು ಅಲುಗಾಡಿಸಿದಾಗ ಸಣ್ಣ ಹುಳುಗಳು ಪಟಪಟ ಅಂತ ಹಾರಿದರೆ, ಕೆಳಗಿನ ಎಲೆ ಜಿಗುಟಾಗಿದ್ದರೆ ಅದು ಜಿಗಿ ಹುಳು. ಆ ಜಿಗುಟಿನ ಮೇಲೆಯೇ ಕಪ್ಪು ಬೂಷ್ಟು ಕೂರುತ್ತದೆ.

ಪಾಂಡವಪುರ ತೋಟ:
ಉಜ್ಜಿ ನೋಡಿದೆ, ಬಿಳಿ ಪುಡಿ ಬಂತು. ಹುಳು ಒಂದೆರಡು ಹಾರಿದವು, ಎಲೆ ಜಿಗುಟಾಗಿಲ್ಲ. ಅರ್ಧ ಮರಗಳಲ್ಲಿ ಹೂ ಅರಳಿದೆ, ಉಳಿದವು ಇನ್ನೂ ಮೊಗ್ಗು.

ನಂಜನಗೂಡು ಮಾವು:
ಹಾಗಾದರೆ ಬೂದಿ ರೋಗವೇ. ಮೊಗ್ಗಿರುವ ಮರಗಳಿಗೆ ಈಗಲೇ ವೆಟಬಲ್ ಸಲ್ಫರ್ (ನೀರಿಗೆ ಬೆರೆಸುವ ಗಂಧಕದ ಪುಡಿ) ಹೊಡೆಯಿರಿ, ಲೀಟರ್ ನೀರಿಗೆ 2 ಗ್ರಾಂ. ಸುಡುಬಿಸಿಲಲ್ಲಿ ಬೇಡ, ಎಳೆಯದು ಸುಟ್ಟುಹೋಗುತ್ತದೆ. ಅರಳಿದ ಮರಗಳಿಗೆ ಮಾತ್ರ ಕೀಟನಾಶಕ ತಾಗಿಸಲೇಬೇಡಿ. ಅಂಗಡಿಯವರು ಎರಡನ್ನೂ ಬೆರೆಸಿ ಹೊಡೆಯಿರಿ ಅನ್ನಬಹುದು, ಕೇಳಬೇಡಿ. ಮಾವಿನ ಹೂವಿಗೆ ಪರಾಗ ತಾಗಿಸುವುದು ನೊಣ, ಜೇನು. ಅವನ್ನು ಕೊಂದರೆ ಎಷ್ಟು ಹೂ ಇದ್ದರೂ ಸುಮ್ನೆ.

ಕೆ.ಆರ್.ಪೇಟೆ ರೈತ:
ಒಂದು ಮಾತು ಸೇರಿಸುತ್ತೇನೆ. ಹೂ ಉದುರುವುದೆಲ್ಲ ರೋಗವಲ್ಲ. ಒಂದು ಗೊಂಚಲಲ್ಲಿ ಸಾವಿರಾರು ಹೂ ಇರುತ್ತವೆ, ಹೆಚ್ಚಿನವು ಗಂಡು ಹೂ, ಕೊನೆಗೆ ಕಾಯಿಯಾಗುವುದು ನೂರಕ್ಕೆ ಒಂದೂ ಇಲ್ಲ. ಚಳಿ ಜಾಸ್ತಿಯಾದರೆ ಗಂಡು ಹೂ ಇನ್ನೂ ಹೆಚ್ಚುತ್ತವೆ, ಪರಾಗವೂ ಸರಿಯಾಗಿ ಬಲಿಯುವುದಿಲ್ಲ. ಅದಕ್ಕೇ ತಡವಾಗಿ ಅರಳುವ ಹೂವಿನ ಮೇಲೆ ಆಸೆ ಇಡಿ, ಮೊಗ್ಗಿನ ಮರಗಳನ್ನು ಚೆನ್ನಾಗಿ ನೋಡಿಕೊಳ್ಳಿ.

ಪಾಂಡವಪುರ ತೋಟ:
ತುಂಬಾ ಉಪಕಾರವಾಯಿತು. ಡ್ರಿಪ್ ಈಗಲೇ ಬಿಡಬಹುದಾ?

ನಂಜನಗೂಡು ಮಾವು:
ಈಗ ಬೇಡ ಅಣ್ಣಾ. ಕಾಯಿ ಬಟಾಣಿ ಗಾತ್ರ ಆಗಲಿ, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಶುರು ಮಾಡಿ. ಪುಡಿ ಮತ್ತೆ ಕಂಡರೆ ಒಂದು ಗೊಂಚಲು ಕಿತ್ತುಕೊಂಡು ಮಂಡ್ಯದ ವಿ.ಸಿ. ಫಾರ್ಮ್‌ನ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ತೋರಿಸಿ.