ಅನಿಯ ತೋಟ

‘ಅಜ್ಜನ ಮನೆ’ ಗುಂಪು, ಭಾನುವಾರ ಬೆಳಿಗ್ಗೆ

ನಾನು: (ಫೋಟೊ) ನೋಡಿ ಎಲ್ಲರೂ, ಅನಿ ಅಣ್ಣನ ತೋಟ! ನಿನ್ನೆ ಅವನ ರೂಮಿಗೆ ಹೋದಾಗ ಲ್ಯಾಪ್‌ಟಾಪಿಂದ ತೆಗೆದೆ. ಕುಂಬಳ ಹೇಗೆ ಸಾಲು ಹಿಡಿದು ಬಂದಿದೆ ನೋಡಿ.

ದೊಡ್ಡಪ್ಪ: ಎಲ್ಲಿಯ ತೋಟ ಇದು? ಯಾವ ಊರು?

ನಾನು: ಊರಲ್ಲ ದೊಡ್ಡಪ್ಪ, ಗೇಮ್. ಸ್ಟಾರ್‌ಡ್ಯೂ ವ್ಯಾಲಿ ಅಂತ. ನೆಲ ಅಗೆದು, ಬೀಜ ಹಾಕಿ, ದಿನಾ ನೀರು ಹೊಯ್ದು ಬೆಳೆ ತೆಗೀಬೇಕು.

ದೊಡ್ಡಪ್ಪ: ಇಲ್ಲಿ ಕೊಳೆ ರೋಗ ಬಿದ್ದು ಮರದ ಬುಡದಲ್ಲಿ ಅಡಿಕೆ ಹಾಸಿದ ಹಾಗೆ ಉದುರಿದೆ. ಎರಡನೇ ಔಷಧಿ ಹೊಡೆಸಬೇಕು, ಮರ ಹತ್ತುವವರು ಸಿಗ್ತಾ ಇಲ್ಲ. ಮೂರು ದಿನದಿಂದ ಫೋನ್ ಮಾಡಿ ಸಾಕಾಯ್ತು. ತೋಟದ ಮನೆಯಲ್ಲಿ ಹುಟ್ಟಿದ ಹುಡುಗ ಬೆಂಗಳೂರಲ್ಲಿ ಕೂತು ಕಂಪ್ಯೂಟರಿನಲ್ಲಿ ಕುಂಬಳ ಬೆಳೀತಾನೆ ಅಂದ್ರೆ ನಾನು ಎಂತ ಹೇಳಲಿ?

ರವಿ ಮಾವ: ಸರಿಯಾಗೇ ಹೇಳಿದ್ರಿ ಭಾವ. ಇದು ಬದುಕಿಗೆ ಬೆನ್ನು ಹಾಕಿ ಓಡೋದು, ಅಷ್ಟೇ. ಈ ಗೇಮಿನ ಹುಚ್ಚು ಏನು ಮಾಡ್ತದೆ ಅಂತ ನಮ್ಮ ಮನೆಯಲ್ಲಿ ನೋಡಿ ಆಗಿದೆ.

ಅಮ್ಮ: ಭಾವ, ಅವನು ಕೆಲಸ ಬಿಟ್ಟು ಆಡುವವನಲ್ಲ. ತಿಂಗಳು ತಿಂಗಳು ದುಡ್ಡು ಕಳಿಸ್ತಾನೆ. ಆದ್ರೆ ರಾತ್ರಿ ಎರಡು ಗಂಟೆಗೆ ಎಚ್ಚರ ಆಗಿ ಫೋನ್ ನೋಡಿದ್ರೆ ಅವನು ಆನ್‌ಲೈನ್ ಇರ್ತಾನೆ. ಆಮೇಲೆ ನನಗೆ ನಿದ್ದೆ ಬರೋದಿಲ್ಲ. ಸುಮಾ, ನೀನು ಆಸ್ಪತ್ರೆಯಲ್ಲಿರುವವಳು. ಇದು ಕಾಯಿಲೆಯಾ?

ಸುಮಕ್ಕ: ಚಿಕ್ಕಮ್ಮ, ನಾನು ಫಿಸಿಯೋಥೆರಪಿಯವಳು, ಮನಸ್ಸಿನ ಡಾಕ್ಟರಲ್ಲ. ಗೊತ್ತಿದ್ದಷ್ಟು ಹೇಳ್ತೇನೆ. ಗೇಮಿನ ಚಟವನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕಾಯಿಲೆಗಳ ಪಟ್ಟಿಗೆ ಸೇರಿಸಿತು, 2022ರಿಂದ ಅದು ಜಾರಿಯಲ್ಲಿದೆ. ಆದ್ರೆ ಗಂಟೆ ಲೆಕ್ಕ ಹಾಕಿ ಕಾಯಿಲೆ ಅನ್ನೋದಿಲ್ಲ. ನಿಲ್ಲಿಸಬೇಕು ಅಂದ್ರೂ ನಿಲ್ಲಿಸೋಕೆ ಆಗಬಾರದು, ಊಟ-ಕೆಲಸ-ಮನೆಯವರು ಎಲ್ಲಾ ಗೇಮಿನ ಹಿಂದೆ ಬೀಳಬೇಕು, ಹಾಳಾಗ್ತಿದೆ ಅಂತ ಗೊತ್ತಿದ್ದೂ ಆಡ್ತಾ ಇರಬೇಕು. ಅದೂ ಸಾಮಾನ್ಯವಾಗಿ ಒಂದು ವರ್ಷ. ಅಂಥವರಿಗೆ ನಿಮ್ಹಾನ್ಸ್‌ನಲ್ಲಿ 2014ರಿಂದಲೇ ಬೇರೆ ಕ್ಲಿನಿಕ್ ಇದೆ, ಅದರ ಹೆಸರು ಷಟ್. ಅನಿಗೆ ಅದು ಬೇಕು ಅಂತ ನನಗೆ ಕಾಣೋದಿಲ್ಲ. ನಿದ್ದೆಯ ವಿಷಯ ಬೇರೆ. ಅದಕ್ಕೆ ಅವನನ್ನು ನಾನೂ ಬೈತೇನೆ.

ರವಿ ಮಾವ: ಕಾಯಿಲೆ ಅಲ್ಲದಿದ್ದರೆ ಒಳ್ಳೇದು ಅಂತ ಆಯ್ತಾ? ಗುಂಪಿನಲ್ಲಿ ಈವರೆಗೆ ಹೇಳಿರಲಿಲ್ಲ, ಈಗ ಹೇಳ್ತೇನೆ. ನನ್ನ ದೊಡ್ಡ ಮಗ ಮೊಬೈಲಿನಲ್ಲಿ ರಮ್ಮಿ ಆಡಿ 1,80,000 ರೂಪಾಯಿ ಕಳೆದ. ಮೊದಲ ವಾರ 600 ರೂಪಾಯಿ ಗೆದ್ದಿದ್ದ, ಅದೇ ಮುಳುವಾಯ್ತು. ಕಳೆದದ್ದನ್ನು ತೆಗೀತೇನೆ ಅಂತ ಕೂತ, ಆಮೇಲೆ ಗೆಳೆಯರ ಹತ್ತಿರ ಸಾಲ. ಅವನ ಅಮ್ಮನ ಬಳೆ ಅಡವಿಟ್ಟದ್ದು ನಮಗೆ ಗೊತ್ತಾಗುವಾಗ ಆರು ತಿಂಗಳಾಗಿತ್ತು. ನನಗೆ ಗೇಮ್ ಅಂದ್ರೆ ಅದೇ.

ಅಮ್ಮ: ರವೀ, ಒಂದು ಮಾತೂ ಹೇಳಲಿಲ್ಲವಲ್ಲ ನೀನು.

ಶಾರದತ್ತೆ: ಅದನ್ನು ಇಲ್ಲಿ ಬರೆದದ್ದು ದೊಡ್ಡ ಮಾತು ರವಿ. ಆದರೆ ಅದನ್ನೂ ಇದನ್ನೂ ಒಂದೇ ಚೀಲಕ್ಕೆ ಹಾಕಬೇಡ. ದುಡ್ಡು ಕಟ್ಟಿ ಆಡುವುದು ಜೂಜು. ಗೇಮ್ ಅಂತ ಹೆಸರಿಟ್ಟು ಮನೆಯೊಳಗೆ ಬಂದ ಜೂಜು. 2025ರ ಆಗಸ್ಟಿನಲ್ಲಿ ಪಾರ್ಲಿಮೆಂಟಿನಲ್ಲಿ ಪಾಸಾದ ಕಾಯ್ದೆ ಕೂಡ ದುಡ್ಡಿನ ಆಟವನ್ನೇ ನಿಷೇಧಿಸಿತು, ಉಳಿದ ಆಟಗಳನ್ನು ಬೇರೆ ಇಟ್ಟಿತು. ಪಗಡೆ ಹಾಸು ಅಜ್ಜನ ಮನೆಯ ಜಗುಲಿಯಲ್ಲೂ ಇತ್ತು, ಧರ್ಮರಾಯನ ಎದುರಿಗೂ ಇತ್ತು. ರಾಜ್ಯ ಹೋದದ್ದು ಪಣ ಇಟ್ಟದ್ದಕ್ಕೆ.

ಶಾರದತ್ತೆ: ಮೈಸೂರಲ್ಲಿರುವವಳಾಗಿ ಇನ್ನೊಂದು ಹೇಳಬೇಕು. ಶಿವಮೊಗ್ಗ ಕಡೆಯ ನಗರ ಸೀಮೆಯಲ್ಲಿ ರೈತರು ದಂಗೆ ಎದ್ದ ನಂತರ 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಬ್ರಿಟಿಷರು ಆಡಳಿತ ಕಿತ್ತುಕೊಂಡರು. ಸಿಂಹಾಸನ ಇತ್ತು, ಅಧಿಕಾರ ಇರಲಿಲ್ಲ. 1868ರಲ್ಲಿ ತೀರಿಕೊಳ್ಳುವವರೆಗೂ ಅದು ಕೈಗೆ ಬರಲಿಲ್ಲ. ಆ 37 ವರ್ಷ ಅವರು ಮಾಡಿದ ಕೆಲಸಗಳಲ್ಲಿ ಆಟವೂ ಒಂದು. ಅವರ ಶ್ರೀತತ್ತ್ವನಿಧಿ ಗ್ರಂಥದಲ್ಲಿ ಕೌತುಕನಿಧಿ ಅನ್ನುವ ಭಾಗ ಪೂರ್ತಿ ಆಟಗಳೇ. ಚದುರಂಗದ ಕುದುರೆ 64 ಮನೆಯನ್ನೂ ಒಂದೊಂದೇ ಸಲ ಮುಟ್ಟಿ ಬರುವ ಲೆಕ್ಕಗಳನ್ನು ಕಟ್ಟಿದರು. ಜಗನ್ಮೋಹನ ಅರಮನೆಯ ಗೋಡೆಯ ಮೇಲೆ ಆಟದ ಮಣೆಗಳ ಚಿತ್ರ ಈಗಲೂ ಇದೆ. ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ನಾನು ಅದರ ಎದುರು ನಿಂತುಬಿಡುತ್ತಿದ್ದೆ. ರಾಜ್ಯದಲ್ಲಿ ಒಂದು ಕಾಯಿ ನಡೆಸಲೂ ಕಮಿಷನರ ಒಪ್ಪಿಗೆ ಬೇಕಿದ್ದ ಮನುಷ್ಯನಿಗೆ ಮಣೆಯ ಮೇಲೆ 64 ಮನೆ ತನ್ನದಾಗಿತ್ತು ಅಂತ ನನಗೆ ಅನಿಸುತ್ತಿತ್ತು. ಅದು ಓಡಿಹೋಗುವುದೇ ಆದರೆ, ಅಷ್ಟು ಓಡಲಿಕ್ಕೂ ಒಂದು ಜಾಗ ಬೇಕಲ್ಲ ಅಣ್ಣ.

ದೊಡ್ಡಪ್ಪ: ಅರಸರ ಕಥೆ ಸರಿ ಶಾರದಾ. ಅವರಿಂದ ಬೇರೆಯವರು ಕಿತ್ತುಕೊಂಡರು. ಇವನ ಕೈಯಿಂದ ಯಾರು ಎಂತ ಕಿತ್ತುಕೊಂಡಿದ್ದಾರೆ? ಇಲ್ಲಿಯ ಬಾಗಿಲು ಹಾಕಿಲ್ಲ.

ಸುಮಕ್ಕ: ಅಪ್ಪಾ, ಸ್ವಲ್ಪ ತಡೀರಿ. ಪಲ್ಲವಿ, ಆ ಆಟ ಶುರು ಆಗುವಾಗ ತೋಟದ ಹೆಸರು ಬರ್ತದಲ್ಲ, ಅದರ ಫೋಟೊ ಇದ್ರೆ ಹಾಕು.

ನಾನು: (ಫೋಟೊ)

ನಾನು: ಅದರಲ್ಲಿ ಕನ್ನಡ ಟೈಪ್ ಆಗೋದಿಲ್ಲ, ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದಾನೆ. ‘ಕೆಳತೋಟ’.

ಮುಕ್ಕಾಲು ಗಂಟೆ ಯಾರೂ ಏನೂ ಬರೆಯಲಿಲ್ಲ. ಕೆಳತೋಟ ಅಂದರೆ ಹಳ್ಳದ ಬದಿಯ ಎರಡು ಎಕರೆ, ಅಪ್ಪನ ಪಾಲು. ಅಪ್ಪನ ಆಸ್ಪತ್ರೆ ಖರ್ಚಿಗೆ 2019ರಲ್ಲಿ ಮಾರಿದೆವು. ಅಪ್ಪನೂ ಉಳಿಯಲಿಲ್ಲ.

ಅನಿ: ಈಗ ಎದ್ದೆ. ಎಲ್ಲಾ ಓದಿದೆ. ಪಲ್ಲವಿ, ಕೇಳದೆ ಹಾಕಬಾರದಿತ್ತು. ಇರಲಿ.

ಅನಿ: ದೊಡ್ಡಪ್ಪ, ನಾನೇ ಹೇಳ್ತೇನೆ. ನನ್ನ ಕೆಲಸ ಎಂತ ಅಂದ್ರೆ, ಬೇರೆ ದೇಶದಲ್ಲಿ ಯಾರದ್ದೋ ಕಂಪ್ಯೂಟರ್ ಕೆಟ್ಟರೆ ನನಗೆ ಒಂದು ಟಿಕೆಟ್ ಬರ್ತದೆ. ಸರಿ ಮಾಡಿದ್ರೆ ಅದು ಮುಚ್ಚಿ ಹೋಗ್ತದೆ, ಇನ್ನೊಂದು ತೆರೀತದೆ. ದಿನಕ್ಕೆ ಮೂವತ್ತು, ನಲವತ್ತು. ಸಂಜೆ ಹಿಂದೆ ತಿರುಗಿ ನೋಡಿದ್ರೆ ನಾನು ಮಾಡಿದ್ದು ಅಂತ ತೋರಿಸೋಕೆ ಒಂದು ಕಡ್ಡಿ ಇರೋದಿಲ್ಲ. ಆ ಆಟ ಶುರು ಆಗೋದೇ ಹೀಗೆ. ಒಬ್ಬ ಆಫೀಸಿನಲ್ಲಿ ಸಾಲು ಮೇಜುಗಳ ನಡುವೆ ಕೂತಿರ್ತಾನೆ. ಡ್ರಾಯರ್ ತೆಗೆದ್ರೆ ತೀರಿಹೋದ ಅಜ್ಜ ಕೊಟ್ಟ ಕಾಗದ ಇರ್ತದೆ, ಬದುಕು ಭಾರ ಆದ ದಿನ ಒಡೀಬೇಕು ಅಂತ ಕೊಟ್ಟದ್ದು. ಒಡೆದ್ರೆ ಅಜ್ಜನ ತೋಟ ಅವನ ಹೆಸರಿಗೆ. ಹೋಗಿ ನೋಡಿದ್ರೆ ಪೂರ್ತಿ ಕಳೆ, ಕಲ್ಲು, ಬಿದ್ದ ಮರ. ಮೊದಲ ದಿನ ಕೈಗೆ ಸಿಗೋದು 15 ಬೀಜ, ಮೂಲಂಗಿ ಹಾಗಿನ ಒಂದು ಗೆಡ್ಡೆಯದ್ದು. ನಾಲ್ಕು ದಿನ ನೀರು ಹೊಯ್ದರೆ ಬರ್ತದೆ. ಖಂಡಿತ ಬರ್ತದೆ. ಮಳೆ ಬಂದ ದಿನ ನೀರು ಹೊಯ್ಯೋದು ಬೇಡ. ಕಾಗೆ ಬರ್ತದೆ, ಬೆದರುಬೊಂಬೆ ನಿಲ್ಲಿಸಿದ್ರೆ ಅದರ ಸುತ್ತ ಮುಟ್ಟೋದಿಲ್ಲ. ಕೊಳೆ ರೋಗ ಇಲ್ಲ, ಎಲೆಚುಕ್ಕಿ ಇಲ್ಲ, ಆಸ್ಪತ್ರೆ ಬಿಲ್ ಇಲ್ಲ. ಮಾಡಿದ್ದು ಮಾಡಿದ ಹಾಗೆ ಕಾಣ್ತದೆ.

ಅನಿ: ನಿಜವಾದ ತೋಟ ಹೀಗಲ್ಲ ಅಂತ ನನಗೆ ಗೊತ್ತಿಲ್ವಾ? ಕೊಳೆ ರೋಗದ ಔಷಧಿಗೆ ಅಪ್ಪ ಮೈಲುತುತ್ತ ಕರಗಿಸುವಾಗ ಸುಣ್ಣದ ನೀರು ಹಿಡಿದು ನಿಂತವನು ನಾನು. ಒಂದು ಕಿಲೋ ತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಹೊಡೆದ ಮರುದಿನವೇ ಜಡಿಮಳೆ ಹಿಡಿದು ಆ ವರ್ಷ ಎಲ್ಲಾ ಉದುರಿತು. ಅಪ್ಪ ಮೂರು ದಿನ ಯಾರ ಹತ್ತಿರವೂ ಮಾತಾಡಲಿಲ್ಲ. ಅದು ನೆನಪಿದೆ.

ದೊಡ್ಡಪ್ಪ: 2018. ಆಗಸ್ಟ್.

ಸುಮಕ್ಕ: ಅಪ್ಪಾ, ಗೇಮ್ ಯಾಕೆ ಹಿಡಿಸ್ತದೆ ಅಂತ ಓದಿದವರೂ ಹೆಚ್ಚುಕಡಿಮೆ ಅನಿ ಹೇಳಿದ್ದನ್ನೇ ಹೇಳ್ತಾರೆ. ರಿಚರ್ಡ್ ರಯಾನ್ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞರು ಜೊತೆಯವರ ಸಂಗಡ 2006ರಲ್ಲಿ ಬರೆದದ್ದು ಇದೆ. ಮನುಷ್ಯನಿಗೆ ಮೂರು ಬೇಕು: ನಾನು ಆರಿಸಿದ್ದು ಅನ್ನೋದು, ನನ್ನ ಕೈಯಲ್ಲಿ ಆಗ್ತದೆ ಅನ್ನೋದು, ನನ್ನವರು ಇದ್ದಾರೆ ಅನ್ನೋದು. ಗೇಮ್ ಈ ಮೂರನ್ನೂ ಕೊಡ್ತದೆ, ಅದಕ್ಕೇ ಜನ ಮತ್ತೆ ಮತ್ತೆ ಹೋಗ್ತಾರೆ.

ಸುಮಕ್ಕ: ನಾನು ದಿನಾ ನೋಡುವ ಮಕ್ಕಳಲ್ಲಿ ಡುಷೆನ್ ಕಾಯಿಲೆಯವರು ಇದ್ದಾರೆ. ಸ್ನಾಯು ವರ್ಷದಿಂದ ವರ್ಷಕ್ಕೆ ಸೋಲ್ತದೆ. ಒಬ್ಬ ಹುಡುಗನಿಗೆ ಈಗ ತಾನೇ ಊಟ ಮಾಡೋಕೆ ಆಗೋದಿಲ್ಲ, ಹೆಬ್ಬೆರಳು ಆಡ್ತದೆ. ಆ ಹೆಬ್ಬೆರಳಲ್ಲಿ ಮೊಬೈಲ್ ಕ್ರಿಕೆಟ್ ಆಡ್ತಾನೆ. ಸಿಕ್ಸ್ ಹೊಡೆದಾಗ ನನ್ನ ಕಡೆ ತಿರುಗಿ ನೋಡೋ ನೋಟವನ್ನು ನೀವೊಮ್ಮೆ ನೋಡಬೇಕು. ಅದೇ ಕಾಯಿಲೆಯ ಮಾಟ್ಸ್ ಸ್ಟೇನ್ ಅಂತ ನಾರ್ವೆಯ ಹುಡುಗ 2014ರಲ್ಲಿ 25ನೇ ವರ್ಷಕ್ಕೆ ತೀರಿಹೋದ. ವರ್ಷಗಟ್ಟಲೆ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಅಂತ ಆನ್‌ಲೈನ್ ಗೇಮ್ ಆಡಿದ್ದ. ಮಗ ಒಂಟಿಯಾಗೇ ಬದುಕಿ ಹೋದ ಅಂತ ಅಪ್ಪ ಅಮ್ಮ ತಿಳಿದಿದ್ದರು. ಅವನ ಬ್ಲಾಗಿನಲ್ಲಿ ಸಾವಿನ ಸುದ್ದಿ ಹಾಕಿದ್ರೆ, ಬೇರೆ ಬೇರೆ ದೇಶದಿಂದ ಅಪರಿಚಿತರ ಪತ್ರಗಳು ಬರೋಕೆ ಶುರು ಆಯ್ತು. ಆಟದಲ್ಲಿ ಅವನ ಹೆಸರು ಇಬೆಲಿನ್. ಕಷ್ಟ ಹೇಳಿಕೊಂಡವರ ಮಾತು ಕೂತು ಕೇಳ್ತಿದ್ದನಂತೆ. ನೆದರ್ಲೆಂಡಿನ ಒಂದು ಹುಡುಗಿಯ ಕಂಪ್ಯೂಟರನ್ನು ಅವಳ ಮನೆಯವರು ಕಿತ್ತುಕೊಂಡಾಗ ಆ ಅಪ್ಪ ಅಮ್ಮನಿಗೇ ಕಾಗದ ಬರೆದಿದ್ದ. ಅಂತ್ಯಕ್ರಿಯೆಗೆ ಆಟದ ಗೆಳೆಯರು ಬೇರೆ ದೇಶಗಳಿಂದ ಬಂದಿದ್ದರು. ಅಪ್ಪಾ, ನನಗೆ ಇದನ್ನು ಓದಿದ ದಿನ ಕೆಲಸ ಮಾಡೋಕೆ ಆಗಲಿಲ್ಲ.

ರವಿ ಮಾವ: ಆ ಹುಡುಗನಿಗೆ ಬೇರೆ ದಾರಿ ಇರಲಿಲ್ಲ ಸುಮಾ. ಅನಿಗೆ ಕೈಕಾಲು ಗಟ್ಟಿ ಇದೆ. ಎಲ್ಲಕ್ಕೂ ಒಳ್ಳೆ ಕಾರಣ ಹುಡುಕಿಕೊಂಡು ಹೋದ್ರೆ ನನ್ನ ಮಗನಂಥವರನ್ನು ತಡೆಯೋದು ಹೇಗೆ?

ಸುಮಕ್ಕ: ಕಾರಣ ಕೇಳದೆ ತಡೆಯೋಕೆ ಆಗೋದಿಲ್ಲ ಮಾವ, ಅದೇ ನಾನು ಹೇಳೋದು. ನಿಮ್ಮ ಮಗ ರಮ್ಮಿಗೆ ಕೂತದ್ದು ಎರಡನೇ ಸಲ ಪರೀಕ್ಷೆಯಲ್ಲಿ ಫೇಲಾದ ಮೇಲೆ. ಫೋನ್ ಕಿತ್ತುಕೊಂಡಿರಿ, ಅದು ಬೇಕಾಗಿತ್ತು. ಆ ಆ್ಯಪು ಮನುಷ್ಯ ಎಲ್ಲಿ ನೊಂದಿದ್ದಾನೋ ಅಲ್ಲೇ ಗಾಳ ಹಾಕ್ತದೆ. ಆದ್ರೆ ಪರೀಕ್ಷೆಯ ವಿಷಯ ಅವನ ಹತ್ತಿರ ಯಾರಾದ್ರೂ ಕೂತು ಮಾತಾಡಿದ್ದೀರಾ?

ರವಿ ಮಾವ: ಇಲ್ಲ.

ರವಿ ಮಾವ: ಆದರೂ ನನಗೆ ಇದು ಪೂರ್ತಿ ಒಪ್ಪಿಗೆ ಇಲ್ಲ. ಅವನ ಹತ್ತಿರ ಮಾತಾಡ್ತೇನೆ.

ಅಮ್ಮ: ಅನಿ, ಕೆಳತೋಟ ಮಾರುವಾಗ ನಿನ್ನನ್ನು ಒಂದು ಮಾತು ಕೇಳಿರಲಿಲ್ಲ ನಾವು. ಪರೀಕ್ಷೆ ಇತ್ತು ನಿನಗೆ, ಹೇಳಬಾರದು ಅಂತ ಅಪ್ಪನೇ ಹೇಳಿದ್ದರು.

ಅನಿ: ಗೊತ್ತು ಅಮ್ಮ. ಮಾರಿದ್ದು ತಪ್ಪು ಅಂತ ನಾನು ಒಂದು ದಿನವೂ ಅಂದುಕೊಂಡಿಲ್ಲ. ನಿದ್ದೆಯದ್ದು ಮಾತ್ರ ನೀನು ಹೇಳೋದು ಸರಿ. ಆಟದಲ್ಲೇ ರಾತ್ರಿ ಎರಡಾದ್ರೆ ಮನುಷ್ಯ ನಿಂತಲ್ಲೇ ಕುಸಿದು ಬೀಳ್ತಾನೆ. ಹನ್ನೊಂದೂವರೆಗೆ ನಿಲ್ಲಿಸ್ತೇನೆ. ನೀನು ನೋಡು ಬೇಕಾದ್ರೆ.

ಶಾರದತ್ತೆ: ಈ ಆಟ ಮಾಡಿದವರು ಯಾರು ಅನಿ? ತೋಟ ಗೊತ್ತಿದ್ದವರಾ?

ಅನಿ: ಎರಿಕ್ ಬರೋನ್ ಅಂತ ಅಮೆರಿಕದವರು ಅತ್ತೆ, ಸಿಯಾಟಲ್ ಕಡೆ. ಕಂಪ್ಯೂಟರ್ ಓದಿ ಕೆಲಸ ಸಿಗದೆ, ಸಿನಿಮಾ ಥಿಯೇಟರಿನಲ್ಲಿ ಜನರಿಗೆ ಸೀಟು ತೋರಿಸೋ ಕೆಲಸ ಮಾಡ್ತಾ ನಾಲ್ಕು ವರ್ಷಕ್ಕೂ ಹೆಚ್ಚು ಒಬ್ಬರೇ ಕೂತು ಮಾಡಿದ್ದು. ಚಿತ್ರ, ಸಂಗೀತ, ಮಾತು ಎಲ್ಲಾ ಅವರದ್ದೇ. 2016ರ ಫೆಬ್ರವರಿಯಲ್ಲಿ ಬಂತು. ಈಗ 4 ಕೋಟಿಗೂ ಹೆಚ್ಚು ಮಾರಾಟ ಆಗಿದೆ.

ದೊಡ್ಡಪ್ಪ: ಅದರಲ್ಲಿ ಅಡಿಕೆ ಇಲ್ವಾ?

ಅನಿ: ಇಲ್ಲ ದೊಡ್ಡಪ್ಪ. ಮರ ಅಂದ್ರೆ ಚೆರ್ರಿ, ಕಿತ್ತಳೆ, ದಾಳಿಂಬೆ ಅಂಥವು. ಸಸಿ ನೆಟ್ಟು 28 ದಿನಕ್ಕೆ ಮರ ಆಗ್ತದೆ.

ದೊಡ್ಡಪ್ಪ: 28 ದಿನ! ನಿನ್ನ ಅಪ್ಪ ಹಳ್ಳದ ಬದಿ ಸಸಿ ಇಟ್ಟು ಆರನೇ ವರ್ಷಕ್ಕೆ ಮೊದಲ ಗೊನೆ ನೋಡಿದ. ಈಗಿನವರು ಅಲ್ಲಿಯ ಕಾದಿಗೆ ಕೂಡ ಬಿಡಿಸಿಲ್ಲ, ನೀರು ನಿಂತಿದೆ. ಆ ಕಡೆ ಹೋಗೋದನ್ನೇ ನಾನು ಬಿಟ್ಟಿದ್ದೇನೆ. ಬೆಳಿಗ್ಗೆ ಬರೆದದ್ದು ನಿನಗೆ ನೋವಾಗಿರ್ತದೆ. ನನಗೆ ಇಲ್ಲಿ ಒಬ್ಬನೇ ಮಾಡಿ ಸಾಕಾಗಿದೆ ಅನಿ, ಅದಕ್ಕೆ ಬಂದ ಮಾತು.

ಅನಿ: ಗೊತ್ತು ದೊಡ್ಡಪ್ಪ.

ದೊಡ್ಡಪ್ಪ: ಆ ಅಜ್ಜ ಕಾಗದ ಕೊಟ್ಟು ಹೋದ ಅಂದ್ಯಲ್ಲ. ಅಷ್ಟೇನಾ? ಮತ್ತೆ ಬರೋದಿಲ್ವಾ?

ಅನಿ: ಬರ್ತಾನೆ. ಮೂರನೇ ವರ್ಷದ ಮೊದಲ ದಿನ ತೋಟ ನೋಡೋಕೆ ಬರ್ತಾನೆ. ಮೂಲೆಯಲ್ಲಿ ಅಜ್ಜನ ಗುಡಿ ಇದೆ. ತೋಟ ಚೆನ್ನಾಗಿ ನಡೆಸಿದ್ರೆ ಅಲ್ಲಿ ನಾಲ್ಕು ದೀಪ ಹತ್ತುತ್ತದೆ. ಇಲ್ಲದಿದ್ರೆ ಕಡಿಮೆ.

ದೊಡ್ಡಪ್ಪ: ನಿನಗೆ ಎಷ್ಟು ಹತ್ತಿತು?

ಅನಿ: ಎರಡು.

ದೊಡ್ಡಪ್ಪ: ಮಳೆ ಬಿಟ್ಟರೆ ಶನಿವಾರ ಔಷಧಿ ಹೊಡೆಸೋದು. ಮರ ಹತ್ತುವವರು ಸಿಕ್ಕರೂ ಪೈಪ್ ಹಿಡಿಯೋಕೆ ಜನ ಇಲ್ಲ.

ಅನಿ: ಶುಕ್ರವಾರ ರಾತ್ರಿ ಬಸ್ಸು ನೋಡ್ತೇನೆ.